ಅಂಕಿತವೂ ಪೀಠವೂ

ಹಿಂದೂ ಧರ್ಮದಲ್ಲಿ ಸ್ತ್ರೀಯರಿಗೆ ಧರ್ಮಾಧಿಕಾರವು ಎಂದೂ ಇರಲಿಲ್ಲವೆಂದು ಕೆಲವರು ವಾದಿಸುವರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅದು ಪೂರ್ಣವಾಗಿ ದೊರೆಯಿತೆಂದು ಮತ್ತೆ ಕೆಲವರು ಸಭೆಗಳಲ್ಲಿ ಸಾರುವರು. ವಿಜಾಪುರ ಸೀಮೆಯಲ್ಲಿ ಎರಡನೆಯ ಮಾತೇ ಹೆಚ್ಚಾಗಿ ಕೇಳಬರುವದು. ಅದು ಸಹಜವೂ ಹೌದು. ಅಕ್ಕನಾಗಮ್ಮನ ತವರು ಬಾಗೇವಾಡಿ. ನೀಲಾಂಬಿಕೆ ಐಕ್ಯಳಾದಳೆಂದು ಭಕ್ತರು ನಂಬುವ ತಂಗಡಗಿಯು ಮುದ್ದೇಬಿಹಾಳ ತಾಲೂಕಿನಲ್ಲಿ ಕೃಷ್ಣೆಯ ದಡದಲ್ಲಿರುವದು. ಸಿಂದಗಿ ತಾಲೂಕಿನ ಕನ್ನೊಳ್ಳಿಯಿಂದ ನಸುಕಿನಲ್ಲಿ ಹೊರಟವನು ಈ ಎರಡೂ ಸ್ಥಳಗಳನ್ನು ನೋಡಿಕೊಂಡು ರಾತ್ರಿಯೊಳಗೆ ಮನೆ ಸೇರಬಹುದು. ಆದರೆ ಊರಿನ ಅಭಿಮಾನವು ಪ್ರಮಾಣವಾಗಲಾರದು. ಶರಣೆಯರ ಅಧಿಕಾರವೆಷ್ಟಿತ್ತೆಂಬುದನ್ನು ಅವರ ವಚನಗಳಲ್ಲಿಯೇ ಶೋಧಿಸಬೇಕು. ಅದರಲ್ಲಿಯೂ, ಓದುವವರು ಕಣ್ಣು ಹಾಯಿಸಿ ಮುಂದೆ ಸಾಗುವ ಕೊನೆಯ ಒಂದೆರಡು ಪದಗಳಲ್ಲಿ, ಎಂದರೆ ಅಂಕಿತದಲ್ಲಿ ಶೋಧಿಸಬೇಕು.

ನುಡಿದವಳ ಹೆಸರು ಉಳಿಯುವ ಬಗೆ ಎಲ್ಲೆಡೆಯೂ ಒಂದೇ ಅಲ್ಲ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಅಶ್ವಿನೀದೇವತೆಗಳನ್ನು ಸ್ತುತಿಸುವ 39, 40ನೆಯ ಸೂಕ್ತಗಳಿಗೆ ಘೋಷೆಯು ಋಷಿಯೆಂಬುದನ್ನು ಪಾಠಕರು ಅನುಕ್ರಮಣಿಯ ಬಲದಿಂದ ಹೇಳುವರು. ಬೌದ್ಧರ ಥೇರೀಗಾಥೆಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಕವಿತೆಗಳಿವೆ. ಯಾವುದು ಯಾವ ಭಿಕ್ಷುಣಿಯದೆಂಬುದನ್ನು ಬಹುಮಟ್ಟಿಗೆ ಸಂಗ್ರಾಹಕರ ಶೀರ್ಷಿಕೆಯೂ ಧಮ್ಮಪಾಲನ ಅಟ್ಠಕಥೆಯೂ ತಿಳಿಸುವವು. ಎರಡರಲ್ಲಿಯೂ ಹೆಸರನ್ನು ಕಾಯ್ದವರು ಅನ್ಯರು. ಶರಣೆಯಾದರೋ ತನ್ನ ಗುರುತನ್ನು ವಚನದ ಒಡಲಿನಲ್ಲಿಯೇ ಕಟ್ಟಿಟ್ಟಳು. ಅದೂ ತನ್ನ ಹೆಸರಲ್ಲ, ತನ್ನ ದೇವರ ಹೆಸರು. ‘ಚೆನ್ನಮಲ್ಲಿಕಾರ್ಜುನ’ ಎಂಬುದು ಕಳಚಿದರೆ ಮಹಾದೇವಿಯಕ್ಕನ ವಚನವು ಯಾರದೋ ಆಗಿಹೋಗುವದು.

ಇಲ್ಲೊಂದು ಆಕ್ಷೇಪವು ಏಳುವದು. ಶರಣೆಯರಲ್ಲಿ ಅನೇಕರ ಅಂಕಿತಗಳು ಪುರುಷನ ಹೆಸರನ್ನು ಹೊತ್ತಿವೆ. ಆಯ್ದಕ್ಕಿ ಲಕ್ಕಮ್ಮನದು ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಹಡಪದ ಅಪ್ಪಣ್ಣನ ಪತ್ನಿ ಲಿಂಗಮ್ಮನದು ‘ಅಪ್ಪಣ್ಣಪ್ರಿಯ ಚನ್ನಬಸವಣ್ಣ’. ಅಕ್ಕನಾಗಮ್ಮನದು ‘ಬಸವಣ್ಣಪ್ರಿಯ ಚೆನ್ನಸಂಗಯ್ಯ’. ಗಂಡನ ಇಲ್ಲವೆ ತಮ್ಮನ ಮೂಲಕವಲ್ಲದೆ ದೇವರನ್ನು ಕರೆಯಲಾರದವರಿಗೆ ಸ್ವಾತಂತ್ರ್ಯವೆಲ್ಲಿಯದು ಎಂದು ಕೇಳುವವರುಂಟು. ಪ್ರಶ್ನೆಯು ಕ್ಷುಲ್ಲಕವಲ್ಲ. ಆದರೆ ಅಂಕಿತದ ಮೇಲಿನ ಸಾಲುಗಳನ್ನು ಬಿಟ್ಟು ಅಂಕಿತವೊಂದನ್ನೇ ಓದಿದವರು ಕೇಳುವ ಪ್ರಶ್ನೆಯದು. ಮಾರಯ್ಯನು ಅಕ್ಕಿ ಆಯುವ ಕಾಯಕದವನು. ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದನು. ಲಕ್ಕಮ್ಮನು ಅದನ್ನು ಆಸೆಯೆಂದು ಬಗೆದು, ಎಲ್ಲಿಂದ ತಂದನೋ ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ತಿರುಗಿ ಕಳಿಸಿದಳು. ‘ಮಾರಯ್ಯಪ್ರಿಯ’ನ ಹೆಸರಿನಲ್ಲಿ ಮಾರಯ್ಯನಿಗೇ ಬುದ್ಧಿ ಹೇಳುವ ಅಧಿಕಾರವದು! ಗಂಡನ ಹೆಸರು ಅಲ್ಲಿ ಒಡೆತನದ ಮುದ್ರೆಯಲ್ಲ. ಆತನಿಗೆ ಪ್ರಿಯನಾದ ದೇವರನ್ನೇ ಸಾಕ್ಷಿಗೆ ಕರೆದು ಆತನನ್ನು ತಿದ್ದುವ ಉಪಾಯವದು. ಮಜ್ಝಿಮನಿಕಾಯದ ಚೂಳವೇದಲ್ಲ ಸುತ್ತದಲ್ಲಿ ಧಮ್ಮದಿನ್ನಾ ಭಿಕ್ಷುಣಿಯು ಪೂರ್ವಾಶ್ರಮದ ಗಂಡನಾದ ವಿಶಾಖನ ಪ್ರಶ್ನೆಗಳಿಗೆ ಉತ್ತರವೀಯುವಳು. ತಾನಾದರೂ ಹೀಗೆಯೇ ಹೇಳುತ್ತಿದ್ದೆನೆಂದು ಬುದ್ಧನು ಒಪ್ಪುವನು. ಆದರೆ ಧಮ್ಮದಿನ್ನೆಯು ಮನೆ ಬಿಟ್ಟು ಗುರುವಾದವಳು. ಲಕ್ಕಮ್ಮನು ಒಲೆಯ ಮುಂದೆ ಕುಳಿತೇ ಗುರುವಾದಳು. ಈ ಭೇದವು ಸಣ್ಣದಲ್ಲ.

ಹಾಗಾದರೆ ಕಲ್ಯಾಣದಲ್ಲಿ ಎಲ್ಲವೂ ದೊರೆಯಿತೇ? ಶೂನ್ಯಸಂಪಾದನೆಯನ್ನು ಎಚ್ಚರದಿಂದ ಓದಿದರೆ ಹೌದೆನ್ನಲಾಗುವದಿಲ್ಲ. ಅದು ಶರಣರ ಕಾಲದ ಗ್ರಂಥವಲ್ಲ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲು ಜೋಡಿಸಿದ್ದು, ತರುವಾಯ ಬೇರೆ ಸಂಪಾದಕರು ಬೆಳೆಸಿದ್ದು. ಅದರಲ್ಲಿ ಮುಕ್ತಾಯಕ್ಕನು ಅಲ್ಲಮನೆದುರಿಗೆ ಅಳುಕದೆ ಮಾತಿಗೆ ಮಾತು ಕೊಡುವಳು. ಮಹಾದೇವಿಯಕ್ಕನು ಪರೀಕ್ಷೆಗೆ ಗುರಿಯಾಗಿ, ಗೆದ್ದು, ಸಭೆಯ ನಮಸ್ಕಾರವನ್ನು ಪಡೆಯುವಳು. ಆ ಪ್ರಸಂಗಗಳ ಸೊಗಸು ಓದಿದವರಿಗೇ ಗೊತ್ತು. ಆದರೂ ಪರೀಕ್ಷಿಸುವವನು ಯಾವಾಗಲೂ ಪುರುಷನು. ಗೆದ್ದವಳು ಅಲ್ಲಿ ನಿಲ್ಲದೆ ಶ್ರೀಶೈಲದ ಹಾದಿ ಹಿಡಿಯುವಳು. ಶೂನ್ಯಪೀಠವನ್ನು ಏರುವವನು ಅಲ್ಲಮ, ಅವನ ತರುವಾಯ ಚೆನ್ನಬಸವಣ್ಣ. ಬೃಹದಾರಣ್ಯಕದ ಗಾರ್ಗಿಯ ಕಥೆಯೂ ಹೀಗೆಯೇ. ಹೆಚ್ಚು ಕೇಳಿದರೆ ತಲೆ ಉದುರೀತೆಂದು ಯಾಜ್ಞವಲ್ಕ್ಯನು ಗದರಿದ ಮೇಲೆಯೂ ಆಕೆ ಮತ್ತೊಮ್ಮೆ ಎದ್ದು ಎರಡು ಪ್ರಶ್ನೆಗಳನ್ನು ಕೇಳಿ, ಈತನನ್ನು ಯಾರೂ ಗೆಲ್ಲಲಾರರೆಂದು ಸಭೆಗೆ ತೀರ್ಪನ್ನೂ ಕೊಟ್ಟಳು. ಆದರೆ ಗೋವುಗಳು ಯಾಜ್ಞವಲ್ಕ್ಯನ ಮನೆಗೆ ಹೋದವು.

ಬೌದ್ಧರು ಸಂಘವನ್ನು ಕೊಟ್ಟರು, ಕಟ್ಟಳೆಯನ್ನೂ ಕೊಟ್ಟರು. ಆನಂದನ ಬಿನ್ನಹದ ಮೇಲೆ ಮಹಾಪ್ರಜಾಪತಿ ಗೌತಮಿಗೆ ದೀಕ್ಷೆ ದೊರೆತಾಗ ಎಂಟು ಗುರುಧರ್ಮಗಳು ಬೆನ್ನಿಗೆ ಬಂದವೆಂದು ವಿನಯಪಿಟಕವು ಹೇಳುವದು. ನೂರು ವರ್ಷ ದೀಕ್ಷೆಯಲ್ಲಿದ್ದ ಭಿಕ್ಷುಣಿಯೂ ಅಂದೇ ದೀಕ್ಷೆ ಪಡೆದ ಭಿಕ್ಷುವಿಗೆ ಎದ್ದು ನಮಿಸಬೇಕೆಂಬುದು ಅವುಗಳಲ್ಲಿ ಮೊದಲನೆಯದು. ಸಿಂಹಳದಲ್ಲಿ ಆ ಭಿಕ್ಷುಣೀ ಪರಂಪರೆಯು ಹನ್ನೊಂದನೆಯ ಶತಮಾನದ ಸುಮಾರಿಗೆ ಕಡಿದುಹೋಗಿ, 1996ರಲ್ಲಿ ಸಾರನಾಥದಲ್ಲಿ ಸಿಂಹಳದ ಕೆಲವು ಸ್ತ್ರೀಯರು ಪುನಃ ಉಪಸಂಪದೆಯನ್ನು ಪಡೆಯುವವರೆಗೆ ಕಾಯಬೇಕಾಯಿತು.

ಕನ್ನಡನಾಡಿನಲ್ಲಿ ಆ ಕಾಯುವಿಕೆಯು ಇಪ್ಪತ್ತಾರು ವರ್ಷ ಮೊದಲೇ ಮುಗಿದಿತ್ತು. 1946ರಲ್ಲಿ ಚಿತ್ರದುರ್ಗ ಜಿಲ್ಲೆಯಲ್ಲಿ ಹುಟ್ಟಿ, 1966ರಲ್ಲಿ ಲಿಂಗಾನಂದ ಸ್ವಾಮಿಗಳಿಂದ ಜಂಗಮದೀಕ್ಷೆಯನ್ನು ಪಡೆದ ಮಾತೆ ಮಹಾದೇವಿಯವರು 1970ರಲ್ಲಿ ಧಾರವಾಡದಲ್ಲಿ ಅಕ್ಕಮಹಾದೇವಿಯ ಹೆಸರಿನ ಪೀಠಕ್ಕೆ ಜಗದ್ಗುರುವಾದರು. ಶೂನ್ಯಸಂಪಾದನಕಾರನು ಅಕ್ಕನಿಗೆ ಕೊಡದಿದ್ದುದನ್ನು ಅಕ್ಕನ ಹೆಸರಿನಲ್ಲಿಯೇ ಪಡೆದದ್ದು ಇಲ್ಲಿಯ ವಿಶೇಷ. ತರುವಾಯ ಕೂಡಲಸಂಗಮದಲ್ಲಿ ಬಸವಧರ್ಮಪೀಠವನ್ನು ನಡೆಸಿ, ಊರೂರು ತಿರುಗಿ ಪ್ರವಚನ ಮಾಡಿ, ಕಾದಂಬರಿಯಿಂದ ತತ್ತ್ವಗ್ರಂಥದವರೆಗೆ ಅನೇಕ ಪುಸ್ತಕಗಳನ್ನು ಬರೆದು, ಅವರು 2019ರ ಮಾರ್ಚಿಯಲ್ಲಿ ಲಿಂಗೈಕ್ಯರಾದರು.

ಇಂಥವರೇ ಬಸವಣ್ಣನ ವಚನಗಳನ್ನು ‘ವಚನದೀಪ್ತಿ’ ಎಂಬ ಹೆಸರಿನಿಂದ ಪ್ರಕಟಿಸುವಾಗ ‘ಕೂಡಲಸಂಗಮದೇವ’ ಎಂಬ ಅಂಕಿತವನ್ನು ತೆಗೆದು ‘ಲಿಂಗದೇವ’ ಎಂದು ಹಾಕಿದರು. ರಾಜ್ಯಸರಕಾರವು 1998ರಲ್ಲಿ ಆ ಪುಸ್ತಕವನ್ನು ನಿಷೇಧಿಸಿತು. ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ನಿಷೇಧವನ್ನು ಎತ್ತಿಹಿಡಿಯಿತು. ಗ್ರಂಥದ ತಪ್ಪಿಗೆ ವಿಮರ್ಶೆಯೇ ಮದ್ದಾಗಬೇಕು, ಸರಕಾರದ ಆಜ್ಞೆಯಲ್ಲ; ಆ ಮಾತು ಹಾಗಿರಲಿ. ಸ್ಥಾವರದ ನೆನಪು ತರುವ ಹೆಸರಿಗಿಂತ ಲಿಂಗದೇವನೆಂಬುದೇ ಬಸವತತ್ತ್ವಕ್ಕೆ ಒಪ್ಪುವದೆಂಬ ಭಾವನೆಯು ಈ ಬದಲಾವಣೆಯ ಹಿಂದೆ ಕಾಣುವದು. ತತ್ತ್ವವು ಸರಿಯೇ ಇರಲಿ. ಟೀಕೆಯಲ್ಲಿ ಬರೆಯಬೇಕಾದುದನ್ನು ಮೂಲದೊಳಗೆ ಬರೆಯುವದು ಪಾಠಶಾಸ್ತ್ರದಲ್ಲಿ ಯಾರಿಗೂ ಸಲ್ಲದ ಅಧಿಕಾರ, ಜಗದ್ಗುರುವಿಗೂ ಸಲ್ಲದು. ಇದೇ ವಿಜಾಪುರದಲ್ಲಿ ಫ. ಗು. ಹಳಕಟ್ಟಿಯವರು ವಕೀಲಿಯ ಗಳಿಕೆಯನ್ನು ಸುರಿದು, ಮನೆಮನೆಯ ತಾಳೆಗರಿಗಳನ್ನು ಬೇಡಿ ತಂದು, 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರಡಿಸಿದರು. ಯಾವ ವಚನವು ಯಾರದೆಂದು ವಿಂಗಡಿಸಲು ಅಂಥ ಸಂಶೋಧಕರಿಗಿದ್ದ ಮುಖ್ಯ ಆಧಾರವು ಅಂಕಿತವೇ.

ಆದರೆ ಇದರಿಂದ ‘ಹೆಣ್ಣು ಪೀಠವೇರಿದರೆ ಹೀಗೆಯೇ’ ಎಂದು ತಲೆದೂಗುವವರ ನ್ಯಾಯವು ವಿಚಿತ್ರವಾದದ್ದು. ಪ್ರಕ್ಷೇಪಗಳಿಂದ ಪುರಾಣಗಳನ್ನು ತುಂಬಿಸಿದವರು, ಶರಣರ ಹೆಸರಿನಲ್ಲಿ ಕೂಟವಚನಗಳನ್ನು ಕಟ್ಟಿದವರು ಬಹುತೇಕ ಪುರುಷರು. ಅದಕ್ಕಾಗಿ ಪುರುಷರನ್ನು ಯಾವ ಪೀಠದಿಂದಲೂ ಯಾರೂ ಇಳಿಸಲಿಲ್ಲ. ಪಾಠದೋಷವನ್ನು ಪೀಠದೋಷವೆಂದು ಎಣಿಸುವದು ವಿಮರ್ಶೆಯಲ್ಲ. ಮಾತೆ ಮಹಾದೇವಿಯವರ ತರುವಾಯ ಆ ಪೀಠಕ್ಕೆ ಮಾತೆ ಗಂಗಾದೇವಿಯವರು ಬಂದರೆಂಬುದು, ಸ್ಥಾನವು ಒಬ್ಬ ವ್ಯಕ್ತಿಯೊಡನೆ ಅಳಿಯಲಿಲ್ಲವೆಂಬುದಕ್ಕೆ ಸಾಕ್ಷಿ.

ಖೇದದ ಸಂಗತಿಯು ಬೇರೆಯೇ ಇದೆ. ಬಸವಣ್ಣನ ಅಂಕಿತವನ್ನು ಬದಲಿಸಿದ್ದರಿಂದ ಹೆಚ್ಚಿನ ಹಾನಿಯಾದುದು ಬಸವಣ್ಣನಿಗಲ್ಲ. ಆತನ ವಚನಗಳು ನೂರು ಪುಸ್ತಕಗಳಲ್ಲಿ, ಸಾವಿರ ಕಂಠಗಳಲ್ಲಿ ಸುರಕ್ಷಿತವಾಗಿವೆ. ನೀಲಾಂಬಿಕೆಯ ಅಂಕಿತವು ‘ಸಂಗಯ್ಯ’. ಅಕ್ಕನಾಗಮ್ಮನದು ‘ಚೆನ್ನಸಂಗಯ್ಯ’ನಲ್ಲಿ ಮುಗಿಯುವದು. ಪತ್ನಿಯೂ ಅಕ್ಕನೂ ಸಂಗಮನಾಥನ ಆ ಒಂದೇ ಹೆಸರನ್ನು ಬೇರೆ ಬೇರೆ ಸಲಿಗೆಯಿಂದ ಕರೆದು, ಬಸವಣ್ಣನ ದೇವರು ತಮಗೂ ನೇರವಾಗಿ ದೇವರೆಂದು ಆ ಎರಡು ಪದಗಳಿಂದಲೇ ಸಾಧಿಸಿದರು. ವೀರಣ್ಣ ರಾಜೂರರು ಸಂಪಾದಿಸಿದ ಶಿವಶರಣೆಯರ ವಚನ ಸಂಪುಟವನ್ನು ಒಂದು ಕೈಯಲ್ಲಿ, ವಚನದೀಪ್ತಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಓದುವ ಹುಡುಗಿಗೆ ತಂಗಡಗಿಯ ನೀಲಮ್ಮನು ಯಾವ ಸಂಗಯ್ಯನನ್ನು ಕರೆಯುತ್ತಿದ್ದಾಳೆಂಬುದೇ ತಿಳಿಯದೆ ಹೋಗುವದು.