ಅಂತರ್ಜಲದ ವಿಕಿರಣ: ಒಂದು ಮೂಲವಿಮರ್ಶೆ

ಅಂತರ್ಜಲದಲ್ಲಿ ವಿಕಿರಣಶೀಲ ದ್ರವ್ಯವು ಕಂಡುಬಂದಿತೆಂಬ ವಾರ್ತೆ ಹೊರಟೊಡನೆ ಎರಡು ಪಕ್ಷಗಳು ಏಳುವುವು. ಇದು ಅಣುವಿದ್ಯುತ್ ಸ್ಥಾವರದ ಸೋರಿಕೆಯೇ ಸರಿ ಎಂಬುದು ಒಂದು. ಶಿಲೆಯಲ್ಲಿ ಸಹಜವಾಗಿರತಕ್ಕದ್ದು, ಅಂಜಬೇಕಾದುದಿಲ್ಲ ಎಂಬುದು ಇನ್ನೊಂದು. ‘ವಿಕಿರಣ’ವೆಂಬ ಪದವೊಂದನ್ನೇ ಹಿಡಿದು, ದ್ರವ್ಯವಾವುದೆಂದು ವಿಚಾರಿಸದಿರುವುದು ಈ ಎರಡಕ್ಕೂ ಸಮಾನವಾದ ದೋಷ.

ಓಲೆಪ್ರತಿಗಳ ಸಂಬಂಧವನ್ನು ನಿರ್ಣಯಿಸುವವರು ಎಲ್ಲ ಪ್ರತಿಗಳಲ್ಲಿಯೂ ಇರುವ ಶುದ್ಧಪಾಠವನ್ನು ಆಧಾರವಾಗಿ ಹಿಡಿಯುವುದಿಲ್ಲ. ಕೆಲವಕ್ಕೆ ಮಾತ್ರ ಸಲ್ಲುವ ಸ್ಖಾಲಿತ್ಯವನ್ನು ಹುಡುಕುವರು. ಇಲ್ಲಿಯೂ ನ್ಯಾಯವದೇ. ಯುರೇನಿಯಂ, ರೇಡಿಯಂ, ರೇಡಾನ್‌ಗಳು ಗ್ರಾನೈಟ್ ನೆಲದ ನೀರಿನಲ್ಲಿ ಸಾಮಾನ್ಯ. ಅವುಗಳ ಇರವೊಂದರಿಂದಲೇ ಸ್ಥಾವರದ ಮೇಲೆ ಆರೋಪವು ಸಿದ್ಧಿಸದು. ಟ್ರಿಟಿಯಂ ಆದರೋ ಸ್ಥಾವರಗಳ ನೀರಿನೊಡನೆ ಸೋರುವಂಥದು. ಆದರೂ ವಿಶ್ವಕಿರಣಗಳಿಂದ ಅದು ವಾಯುಮಂಡಲದಲ್ಲಿ ಹುಟ್ಟುತ್ತಲೇ ಇರುವುದು. 1950-60ರ ದಶಕಗಳ ಅಣ್ವಸ್ತ್ರ ಪರೀಕ್ಷೆಗಳಿಂದಲೂ ಮಳೆಯಲ್ಲಿ ಸೇರಿತು. ಆದುದರಿಂದ ಅದರ ಲೇಶವು ಸಾಕ್ಷ್ಯವಲ್ಲ. ಒಂದೇ ಬಾವಿಯನ್ನು ನೆಚ್ಚದೆ, ಸ್ಥಾವರದ ಮೇಲಿನ ಮತ್ತು ಕೆಳಗಿನ ಬಾವಿಗಳ ಪ್ರಮಾಣವನ್ನು ಹೋಲಿಸಿ ನೋಡತಕ್ಕದ್ದು.

ಅಮೆರಿಕದ ವರ್ಮಾಂಟ್ ಯಾಂಕೀ ಸ್ಥಾವರದ ವೃತ್ತಾಂತವು ಇದಕ್ಕೆ ಒಳ್ಳೆಯ ನಿದರ್ಶನ. 2010ರಲ್ಲಿ ಅಲ್ಲಿಯ ಪರೀಕ್ಷಾಬಾವಿಗಳಲ್ಲಿ ಟ್ರಿಟಿಯಂ ಕಂಡಿತು. ಶೋಧಿಸಲಾಗಿ ನೆಲದೊಳಗಣ ಕೊಳವೆಗಳ ಸೋರಿಕೆಯೇ ಕಾರಣವೆಂದು ತಿಳಿಯಿತು. ಅದೇ ವರ್ಷ ಪಕ್ಕದ ಕನೆಕ್ಟಿಕಟ್ ನದಿಯ ಮೀನಿನಲ್ಲಿ ದೊರೆತ ಸ್ಟ್ರಾನ್ಷಿಯಂ-90ನ್ನಾದರೋ ಸಂಸ್ಥಾನದ ಆರೋಗ್ಯ ಇಲಾಖೆಯು ಹಿಂದಿನ ಅಣ್ವಸ್ತ್ರ ಪರೀಕ್ಷೆಗಳ ಮತ್ತು ಚೆರ್ನೋಬಿಲ್ ದುರಂತದ ಶೇಷವೆಂದೆಣಿಸಿತು. ಸ್ಥಳವೊಂದೇ, ದ್ರವ್ಯವೆರಡು, ನಿರ್ಣಯವೂ ಎರಡು.

ನಮ್ಮ ಕೋಲಾರ ಸೀಮೆಯ ಸ್ಥಿತಿ ಇದಕ್ಕೆ ವಿಪರೀತ. ಅಲ್ಲಿ ಅಣುವಿದ್ಯುತ್ ಸ್ಥಾವರವಿಲ್ಲ. ಆದರೂ ಅನೇಕ ಕೊಳವೆಬಾವಿಗಳ ಯುರೇನಿಯಂ, ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿ ವಿಧಿಸಿದ ಲೀಟರಿಗೆ 30 ಮೈಕ್ರೋಗ್ರಾಂ ಎಂಬ ಮಿತಿಯನ್ನು ಮೀರಿದೆ. ಮೂಲವು ಬಂಡೆಯೇ. ಹಾಗೆಂದು ನಿಶ್ಚಿಂತೆಯಿಂದಿರಲಾಗದು. ಯುರೇನಿಯಂ ವಿಕಿರಣಕ್ಕಿಂತಲೂ ತನ್ನ ರಾಸಾಯನಿಕ ಗುಣದಿಂದಲೇ ಮೂತ್ರಪಿಂಡಕ್ಕೆ ಹಾನಿಕರವೆಂಬುದು ಈ ಮಿತಿಗೆ ಆಧಾರ. ಮೇಲಾಗಿ, ನೀರನ್ನು ಅತಿಯಾಗಿ ಎತ್ತಿ ಮಟ್ಟವು ಕುಸಿದಂತೆ ಬಂಡೆಯ ಬಿರುಕುಗಳಿಗೆ ಗಾಳಿ ತಗುಲಿ ಯುರೇನಿಯಂ ಕರಗುವುದಕ್ಕೆ ಅನುಕೂಲವಾಗುವುದು. ಹೀಗಿರಲು, ಪ್ರಕೃತಿಯ ಮೇಲೆ ಹೊರಿಸಿದ ಮಾತ್ರಕ್ಕೆ ಮನುಷ್ಯನು ಹೊಣೆಯಿಂದ ಪಾರಾಗನು.

ಮೂಲವನ್ನು ಹೇಳತಕ್ಕದ್ದು ದ್ರವ್ಯ. ಹಾನಿಯನ್ನು ಹೇಳತಕ್ಕದ್ದು ಪ್ರಮಾಣ. ಯಾರು ಹೊಣೆಯೆಂಬ ಪ್ರಶ್ನೆಗೆ ಮೊದಲನೆಯದು ಬೇಕು. ನೀರು ಕುಡಿಯಲು ಯೋಗ್ಯವೇ ಎಂಬ ಪ್ರಶ್ನೆಗೆ ಎರಡನೆಯದು. ಒಂದರ ಉತ್ತರವನ್ನು ಇನ್ನೊಂದಕ್ಕೆ ಕೊಡುವ ವಾದವು, ಯಾವ ಪಕ್ಷದ್ದೇ ಆಗಲಿ, ಗ್ರಾಹ್ಯವಲ್ಲ.