ದ್ರಾಕ್ಷಿಗಿಂತ ಮೊದಲು ಜಾಡಿ

ಕೋಲಾರ ಚಿನ್ನದ ಗಣಿ ಪ್ರದೇಶವಾದ ಕೆಜಿಎಫ್‌ನ ಆಂಗ್ಲೋ-ಇಂಡಿಯನ್ ಮನೆಗಳ ಕ್ರಿಸ್‌ಮಸ್ ವೈನಿನ ರುಚಿ ಅರ್ಧ ನಿರ್ಧಾರವಾಗುವುದು ಪಿಂಗಾಣಿ ಜಾಡಿ ತೊಳೆಯುವಾಗಲೇ. 1880ರಲ್ಲಿ ಗಣಿಗಾರಿಕೆಗೆ ಜಾನ್ ಟೇಲರ್ ಕಂಪನಿ ಬಂದ ಮೇಲೆ ಬೆಳೆದ ಈ ಊರಿನ ಅಡುಗೆಯನ್ನು ಇಲ್ಲಿಯವರೇ ಆದ ಬ್ರಿಜೆಟ್ ವೈಟ್-ಕುಮಾರ್ ಪುಸ್ತಕಗಳಲ್ಲಿ ದಾಖಲಿಸಿದ್ದಾರೆ. 2001ರಲ್ಲಿ ಗಣಿ ಮುಚ್ಚಿತು. ಮನೆ ವೈನಿನ ರೂಢಿ ಮುಚ್ಚಲಿಲ್ಲ.

ಜಾಡಿ ತೊಳೆಯುವುದೂ ಒಂದು ಕುಶಲ ಕೆಲಸ. ಮೊದಲು ಸೋಪುನೀರಲ್ಲಿ ಉಜ್ಜಿ ಹಳೇ ಗಸಿ ತೆಗೆಯಬೇಕು. ಕೊಳೆಯ ಅಡಿ ಅವಿತ ಸೂಕ್ಷ್ಮಜೀವಿಗಳನ್ನು ಕುದಿನೀರೂ ಸರಿಯಾಗಿ ಮುಟ್ಟದು. ಆಮೇಲೆ ಬೆಚ್ಚನೆಯ ನೀರು, ಅದರ ಹಿಂದೆ ಕುದಿನೀರು. ತಣ್ಣನೆಯ ಪಿಂಗಾಣಿಗೆ ಒಮ್ಮೆಲೇ ಕುದಿನೀರು ಸುರಿದರೆ ಸೀಳು ಬಿಡುತ್ತದೆ. ಮರದ ಸೌಟು, ಬಾಯಿಗೆ ಕಟ್ಟುವ ಬಟ್ಟೆಯೂ ಕುದಿಯಲೇಬೇಕು. ಕೊನೆಗೆ ಚೆನ್ನಾಗಿ ಒಣಗಿಸುವುದು.

ಹತ್ತಿರದ ಬಂಗಾರಪೇಟೆ ಕಡೆ ಉಪ್ಪಿನಕಾಯಿ ಹಾಕುವವರಿಗೂ ಒದ್ದೆ ಜಾಡಿ ಎಂದರೆ ಆಗದು. ಆದರೆ ಉಪ್ಪಿನಕಾಯಿಯನ್ನು ಉಪ್ಪು, ಹುಳಿ, ಎಣ್ಣೆ ಕಾಯುತ್ತವೆ. ಹೊಸ ದ್ರಾಕ್ಷಿರಸಕ್ಕೆ ಅಷ್ಟು ಕಾವಲಿಲ್ಲ. ಯೀಸ್ಟ್ ಸಕ್ಕರೆಯನ್ನು ಮದ್ಯಸಾರ ಮಾಡಿದರೂ, ಗಾಳಿ ಸಿಕ್ಕರೆ ಬ್ಯಾಕ್ಟೀರಿಯಾ ಅದನ್ನು ವಿನೆಗರ್ ಮಾಡಿಬಿಡುತ್ತದೆ. ಲೂಯಿ ಪಾಸ್ಚರ್ 1860ರ ದಶಕದಲ್ಲಿ ಅಧ್ಯಯನ ಮಾಡಿದ್ದು ಇದನ್ನೇ.

ಒಳಮೈಯ ಹೊಳಪಿನ ಲೇಪ ಬಿರುಕು ಬಿಟ್ಟ ಹಳೇ ಜಾಡಿ ಎಷ್ಟೇ ಚೆಂದವಿದ್ದರೂ ವೈನಿಗೆ ಬಳಸಬೇಡಿ. ಆ ಬಿರುಕನ್ನು ಯಾವ ಬ್ರಷ್ಷೂ ತಲುಪದು.