ಒಂದು ಊರು, ಒಂದೇ ಚೌಕ

ಊರು ಹುಟ್ಟುವ ಮೊದಲೇ ಅದಕ್ಕೊಂದು ಹೆಸರಿಡಬೇಕಾದ ಪ್ರಸಂಗ ನಮ್ಮ ನಿಮ್ಮ ಬದುಕಿನಲ್ಲಿ ಬರುವುದಿಲ್ಲ. ನಾವು ಕಣ್ಣು ಬಿಡುವ ಹೊತ್ತಿಗೆ ಊರಿಗೆ ಹೆಸರಿರುತ್ತದೆ. ಅದನ್ನು ಯಾರಿಟ್ಟರೆಂದು ಕೇಳಿದರೆ ನಮ್ಮ ಮನೆಯ ಅಜ್ಜಿ ಒಂದು ಕಥೆ ಹೇಳುತ್ತಾಳೆ, ಪಕ್ಕದ ಮನೆಯ ಅಜ್ಜಿ ಇನ್ನೊಂದು. ಕಂಪ್ಯೂಟರಿನಲ್ಲಿ ಸಾಮ್ರಾಜ್ಯ ಕಟ್ಟುವ ಆಟಗಳನ್ನು ಆಡುವ ಹುಡುಗರಿಗೆ ಮಾತ್ರ ಈ ಅಧಿಕಾರ ದಿನವೂ ದೊರೆಯುತ್ತದೆ. ಅವರು ಅದನ್ನು ಹೇಗೆ ಬಳಸುತ್ತಾರೆ ಎಂಬುದನ್ನು ನಮ್ಮ ಸಾಂಸ್ಕೃತಿಕ ಚರ್ಚೆಗಳು ಗಮನಿಸಿದ್ದು ಕಡಿಮೆ. ಆಟವಲ್ಲವೇ ಎಂಬ ಉಪೇಕ್ಷೆ ಇದಕ್ಕೆ ಕಾರಣವಿರಬೇಕು.

ಈ ಬಗೆಯ ಆಟಗಳಲ್ಲಿ ಬಹಳ ಪ್ರಸಿದ್ಧವಾದದ್ದು ‘ಸಿವಿಲೈಸೇಷನ್’. ಸಿಡ್ ಮಿಯರ್ ಮತ್ತು ಬ್ರೂಸ್ ಶೆಲ್ಲಿ ರೂಪಿಸಿದ ಇದರ ಮೊದಲ ಆವೃತ್ತಿ 1991ರಲ್ಲಿ ಬಂತು, 7ನೆಯದು 2025ರಲ್ಲಿ. ಇದು ಗುಂಡು ಹಾರಿಸಿ ಓಡುವ ಆಟವಲ್ಲ. ಚದುರಂಗದಂತೆ ಸರದಿಯ ಮೇಲೆ, ನಿಧಾನವಾಗಿ ಆಡುವಂಥದು. ಕ್ರಿ.ಪೂ. 4000ದಲ್ಲಿ ಒಂದು ವಲಸೆಗಾರರ ಗುಂಪು ಬರಿದಾದ ನೆಲದ ಮೇಲೆ ನಿಂತಿರುತ್ತದೆ. ನದಿಯೋ ಹುಲ್ಲುಗಾವಲೋ ಇರುವ ಕಡೆ ಅವರನ್ನು ನಿಲ್ಲಿಸಿ ‘ಊರು ಕಟ್ಟು’ ಎಂದರೆ, ಮೊದಲ ಆವೃತ್ತಿಗಳಲ್ಲಿ ಪರದೆಯ ಮೇಲೆ ಒಂದು ಚೌಕ ತೆರೆದುಕೊಳ್ಳುತ್ತದೆ. ಅದರಲ್ಲಿ ಆಟವೇ ಸೂಚಿಸಿದ ಹೆಸರೊಂದು ಇರುತ್ತದೆ. ಒಪ್ಪಿಗೆಯಾದರೆ ಸರಿ, ಇಲ್ಲವಾದರೆ ಅಳಿಸಿ ನಿಮ್ಮದನ್ನು ಬರೆಯಬಹುದು. ಆ ಊರಿನಲ್ಲಿ ಆಗ ಒಂದು ಮನೆಯೂ ಇರುವುದಿಲ್ಲ, ಬೇಡವೆನ್ನಲು ಯಾರೂ ಇರುವುದಿಲ್ಲ.

ಆಟವೇ ಸೂಚಿಸುವ ಹೆಸರುಗಳನ್ನು ಮೊದಲು ನೋಡೋಣ. 1991ರ ಆಟದಲ್ಲಿ ಭಾರತದ ನಾಯಕ ಮಹಾತ್ಮಾ ಗಾಂಧಿ. ಅವರಿಗೆ ಕೊಟ್ಟ ಊರುಗಳ ಪಟ್ಟಿ ದಿಲ್ಲಿ, ಬಾಂಬೆ, ಮದ್ರಾಸ್, ಬ್ಯಾಂಗಲೋರ್, ಕಲ್ಕತ್ತಾ ಎಂದು ಆರಂಭವಾಗಿ ಲಾಹೋರ್, ಕರಾಚಿಗಳಿಗೆ ಹೋಗುತ್ತದೆ. ಮುಂದೆ ಢಾಕಾ ಇದೆ, ಚಿತ್ತಗಾಂಗ್ ಇದೆ. ಬಂಗಾಳ, ಪಂಜಾಬ್ ಎಂಬ ಪ್ರಾಂತಗಳೂ ಊರುಗಳಾಗಿ ಕುಳಿತಿವೆ. ಕೊನೆಯಲ್ಲಿ ಸಿಂಧೂ, ಗಂಗಾ ಎಂಬ ಎರಡು ನದಿಗಳೂ ನಗರಗಳಾಗಿವೆ! ಯಾವುದೋ ಹಳೆಯ ಅಟ್ಲಾಸಿನ ಮೇಲೆ ಬೆರಳಾಡಿಸಿ ಬರೆದಂತಿರುವ ಈ ಪಟ್ಟಿಯನ್ನು ಓದಿ ನಗಬಹುದು. ನನಗೆ ನಗೆಯ ಜೊತೆಗೆ ಇನ್ನೊಂದೂ ಕಂಡಿತು. ಈ ಆಟದಲ್ಲಿ ಗಾಂಧೀಜಿ ಲಾಹೋರನ್ನು ಕಳೆದುಕೊಂಡಿಲ್ಲ. ಅಜ್ಞಾನದಿಂದಲೇ ಇರಲಿ, ಪಟ್ಟಿ ಬರೆದವರ ಭೂಪಟದಲ್ಲಿ 1947 ಎಂಬ ವರ್ಷ ಬಂದೇ ಇರಲಿಲ್ಲ.

2010ರ 5ನೇ ಆವೃತ್ತಿಯ ಹೊತ್ತಿಗೆ ಪಟ್ಟಿ ಬರೆಯುವವರು ಹೆಚ್ಚು ಓದಿಕೊಂಡಿದ್ದರು. ಬಾಂಬೆ ಮುಂಬೈ ಆಗಿತ್ತು, ಅದರ ಹಿಂದೆಯೇ ವಿಜಯನಗರ, ಪಾಟಲಿಪುತ್ರ, ವಾರಾಣಸಿ ಬಂದಿದ್ದವು. ಇತಿಹಾಸದ ದೃಷ್ಟಿಯಿಂದ ಇದು ಸುಧಾರಣೆಯೇ. ಆದರೆ ಪಟ್ಟಿ ಸುಧಾರಿಸಿದಷ್ಟೂ ಅದು ಗಂಭೀರವಾಗುತ್ತದೆ, ‘ಭಾರತವೆಂದರೆ ಇದು’ ಎಂದು ಮಕ್ಕಳಿಗೆ ಪಾಠ ಹೇಳತೊಡಗುತ್ತದೆ. ಗಂಗಾ ಎಂಬ ಊರಿದ್ದ ಪೆದ್ದು ಪಟ್ಟಿಯನ್ನು ಯಾರೂ ನಂಬುವ ಅಪಾಯವಿರಲಿಲ್ಲ. ಪಟ್ಟಿ ಮುಗಿದರೆ ಏನಾಗುತ್ತದೆ ಎಂಬುದೂ ಸ್ವಾರಸ್ಯದ ಸಂಗತಿ. 2001ರ 3ನೇ ಆವೃತ್ತಿಯಲ್ಲಿ ಹೆಸರುಗಳು ಖಾಲಿಯಾದರೆ ಹಳೆಯ ಹೆಸರಿಗೇ ‘ನ್ಯೂ’ ಸೇರಿಸಲಾಗುತ್ತಿತ್ತು. ನಮ್ಮ ದೇಶದ ರಾಜಧಾನಿ ಅಲ್ಲಿ ಹೆಸರು ತೋಚದಿದ್ದಾಗ ಹುಟ್ಟುವ ಊರು.

ಇನ್ನು ಮಕ್ಕಾದ ವಿಷಯ. ಅರಬರ ಪಕ್ಷ ವಹಿಸಿ ಆಡಿದರೆ 3, 4 ಮತ್ತು 5ನೇ ಆವೃತ್ತಿಗಳಲ್ಲಿ ಮೊದಲ ಊರಿನ ಹೆಸರು ಮಕ್ಕಾ. ಅದು ಮಂಜುಗಡ್ಡೆಯ ಅಂಚಿನಲ್ಲಿ ಹುಟ್ಟಬಹುದು, ದಟ್ಟ ಕಾಡಿನ ನಡುವೆ ಹುಟ್ಟಬಹುದು. ಝಂಝಂ ಚಿಮ್ಮಿದ್ದರಿಂದ ಜನ ನೆಲೆನಿಂತರು, ಜನ ನೆಲೆನಿಂತದ್ದರಿಂದ ಊರಾಯಿತು ಎಂದು ಕೇಳಿ ಬೆಳೆದ ನಮಗೆ ಇದು ಬುಡಮೇಲಾದ ಕಥೆ. ಮೇಲಾಗಿ ಶತ್ರುಗಳು ಬಂದು ಆ ಊರನ್ನು ಮುತ್ತಬಹುದು. 3ನೇ ಆವೃತ್ತಿಯಲ್ಲಿ ಗೆದ್ದವನನ್ನು ಆಟ ಕೇಳುತ್ತದೆ: ಊರನ್ನು ಉಳಿಸಿಕೊಳ್ಳುವಿರೋ, ನೆಲಸಮ ಮಾಡುವಿರೋ? ಅದೇ ಆವೃತ್ತಿಯ 2002ರ ವಿಸ್ತರಣೆಯಲ್ಲಿ ಖಲೀಫಾ ಅಬೂಬಕರ್ ಅವರಿಗೆ ಮುಖ ಬರೆದು ಅರಬರ ನಾಯಕನನ್ನಾಗಿ ಕೂರಿಸಿದ್ದರು. 2005ರಲ್ಲಿ ಆ ಜಾಗಕ್ಕೆ ಸಲಾಹುದ್ದೀನ್ ಬಂದ. 2016ರ 6ನೇ ಆವೃತ್ತಿಯಲ್ಲಿ ರಾಜಧಾನಿಯೂ ಕೈರೋಗೆ ಸರಿಯಿತು. ಇದರಲ್ಲಿ ದ್ವೇಷವನ್ನು ಹುಡುಕುವುದು ನನಗೆ ಸಾಧ್ಯವಾಗಿಲ್ಲ. 2005ರ ಆಟದಲ್ಲಿ ‘ಡಿವೈನ್ ರೈಟ್’ ಎಂಬ ವಿದ್ಯೆಯನ್ನು ಯಾವ ದೇಶ ಮೊದಲು ಕಲಿಯುತ್ತದೋ ಅಲ್ಲಿಯೇ ಇಸ್ಲಾಂ ಹುಟ್ಟುತ್ತದೆ. ಪ್ಯಾರಿಸ್ಸಿನಲ್ಲೂ ಹುಟ್ಟಬಹುದು, ಬ್ಯಾಂಗಲೋರಿನಲ್ಲೂ ಹುಟ್ಟಬಹುದು. ಎಲ್ಲರ ಪವಿತ್ರವನ್ನೂ ಸಮಾನವಾಗಿ ಬೇರು ಕಿತ್ತು ಬೇರೆ ಕುಂಡದಲ್ಲಿಡುವ ಆಟ ಇದು. ಆದರೂ ಮಕ್ಕಾ ಎಂಬ ಸೂಚನೆಯನ್ನು ಅಳಿಸಿ ಬೇರೇನೋ ಬರೆಯುವ ಹುಡುಗನ ಬೆರಳಿನ ಹಿಂಜರಿಕೆ ನನಗೆ ಅರ್ಥವಾಗುತ್ತದೆ. ಆಟವೆಂದು ಗೊತ್ತಿದ್ದೂ ಕೆಲವು ಹೆಸರುಗಳನ್ನು ಪಣಕ್ಕಿಡಲು ಮನಸ್ಸು ಒಪ್ಪುವುದಿಲ್ಲ.

ಹೀಗೆ ಪಟ್ಟಿಯನ್ನು ಅಳಿಸಿ ಬರೆಯುವವರೇ ನನಗೆ ಹೆಚ್ಚು ಆಪ್ತರು. ಕೆಲವರು ವ್ಯವಹಾರಸ್ಥರು, ಕಬ್ಬಿಣ ಸಿಗುವ ಊರಿಗೆ ‘ಕಬ್ಬಿಣ’ ಎಂದೇ ಬರೆಯುತ್ತಾರೆ. ಕೆಲವರು ಕ್ರಿಕೆಟ್ ಆಟಗಾರರ ಹೆಸರಿಡುತ್ತಾರೆ. ಪ್ರೀತಿಸಿದ ಹುಡುಗಿಯ ಹೆಸರಿಟ್ಟು, ಮುನಿಸಾದ ಮೇಲೆ ಬದಲಿಸುವವರೂ ಇದ್ದಾರಂತೆ. ಆದರೆ ಅನೇಕರು ಮಾಡುವುದು ಕಥೆಗಾರರು ಮಾಡುವ ಕೆಲಸವನ್ನೇ. ಇಲ್ಲದ ಊರಿಗೆ ಇರುವ ನೆನಪನ್ನು ಹಚ್ಚುತ್ತಾರೆ. ಆರ್.ಕೆ. ನಾರಾಯಣರ ಮಾಲ್ಗುಡಿ, ಬೊಳುವಾರು ಮಹಮದ್ ಕುಂಞಿಯವರ ಮುತ್ತುಪ್ಪಾಡಿ ಹುಟ್ಟಿದ್ದೂ ಇಂಥದೇ ಒಂದು ಖಾಲಿ ಚೌಕದ ಎದುರು ಇರಬೇಕು. ಹೆಸರು ಬಿದ್ದ ಮೇಲೆ ರಸ್ತೆಗಳು ಬಂದವು, ಮಸೀದಿ ಬಂತು, ಜಗಳ ಬಂತು.

ಬಾಗಲಕೋಟೆಯಲ್ಲಿರುವ ನಮ್ಮ ಆಪಾನ ಮಗ ಈ ಆಟದ 5ನೇ ಆವೃತ್ತಿಯನ್ನು ಆಡುವುದನ್ನು ನೋಡಿದ್ದೇನೆ. ಅವನು ಹುಟ್ಟಿ ಬೆಳೆದದ್ದೆಲ್ಲ ನವನಗರದಲ್ಲಿ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳು ಹೋದ ಮೇಲೆ ಎದ್ದ ಊರು ಅದು. ಅಲ್ಲಿ ವಿಳಾಸ ಹೇಳಬೇಕಾದರೆ ಸೆಕ್ಟರ್ ನಂಬರು ಹೇಳಬೇಕು. ಅವನ ಸಾಮ್ರಾಜ್ಯದಲ್ಲಿ ದಿಲ್ಲಿ, ಮುಂಬೈಗಳಿರಲಿಲ್ಲ, ಮುಳುಗಿದ ಓಣಿಗಳಿದ್ದವು. ಅವನ ತಾಯಿ ನೀರು ತಂದ ಓಣಿ, ಮೌಲ್ವಿ ಸಾಹೇಬರ ಮನೆಯಿದ್ದ ಓಣಿ. “ಮಾಮೂ, ಇವೆಲ್ಲಾ ಅಮ್ಮಿ ಹೇಳಿದ ಹೆಸರು. ಈ ಆಟದಾಗ ನೀರು ಏರೂದಿಲ್ಲ” ಎಂದ. 2019ರಲ್ಲಿ ಬಂದ 6ನೇ ಆವೃತ್ತಿಯ ವಿಸ್ತರಣೆಯಲ್ಲಿ ಸಮುದ್ರ ಏರಿ ದಂಡೆಯ ನೆಲ ಮುಳುಗುತ್ತದೆ. ಅದನ್ನು ನಾನು ಅವನಿಗೆ ಹೇಳಲಿಲ್ಲ.

ಹೆಸರಿಡುವುದರ ಹಿಂದೆ ನೆನಪು ಮಾತ್ರವಲ್ಲ, ಒಡೆತನವೂ ಇರುತ್ತದೆ. ಇದೇ ಸಿಡ್ ಮಿಯರ್ ಹೆಸರಿನಲ್ಲಿ 1999ರಲ್ಲಿ ಬಂದ ‘ಆಲ್ಫಾ ಸೆಂಟಾರಿ’ ಎಂಬ ಆಟದಲ್ಲಿ ಜನ ಭೂಮಿ ಬಿಟ್ಟು ಬೇರೆ ಗ್ರಹಕ್ಕೆ ಹೋಗುತ್ತಾರೆ. ಅಲ್ಲಿ ಮಾರ್ಗನ್ ಎಂಬ ವ್ಯಾಪಾರಿಯ ಪಕ್ಷವಿದೆ. ಅವನ ಊರುಗಳ ಹೆಸರು ‘ಮಾರ್ಗನ್ ಇಂಡಸ್ಟ್ರೀಸ್’ ಮುಂತಾಗಿ ಅವನ ಹೆಸರಿನಿಂದಲೇ ಶುರು. ಧರ್ಮನಿಷ್ಠರ ಪಕ್ಷದ ರಾಜಧಾನಿ ‘ನ್ಯೂ ಜೆರುಸಲೇಂ’. ಹೊಸ ಗ್ರಹಕ್ಕೆ ಹೋದರೂ ಮನುಷ್ಯ ಕೊಂಡೊಯ್ಯುವುದು ತನ್ನ ಅಂಗಡಿಯ ಬೋರ್ಡನ್ನು ಅಥವಾ ತನ್ನ ಪೂರ್ವಿಕರ ಊರನ್ನು! ಬೆಂಗಳೂರಿನ ಸುತ್ತ ಎದ್ದಿರುವ ಬಡಾವಣೆಗಳ ಕಮಾನುಗಳನ್ನು ಓದಿಕೊಂಡು ಬಂದವರಿಗೆ ಇದು ಹೊಸದೇನಲ್ಲ.

ಇವೆಲ್ಲಕ್ಕಿಂತ ನನ್ನನ್ನು ಕಾಡಿದ್ದು ಹೂಣರು. 5ನೇ ಆವೃತ್ತಿಯ 2012ರ ವಿಸ್ತರಣೆಯಲ್ಲಿ ಅಟಿಲಾನ ನಾಯಕತ್ವದಲ್ಲಿ ಅವರು ಬಂದರು. ಊರು ಕಟ್ಟದೆ ಕುದುರೆಯ ಮೇಲೆ ಬದುಕಿದವರಿಗೆ ಊರುಗಳ ಪಟ್ಟಿ ಎಲ್ಲಿಂದ ತರುವುದು? ಆಟ ರೂಪಿಸಿದವರು ಮೊದಲ ಊರಿಗೆ ‘ಅಟಿಲಾನ ಆಸ್ಥಾನ’ ಎಂದು ಹೆಸರಿಟ್ಟು, ಮುಂದಿನವುಗಳಿಗೆ ಆ ಆಟದಲ್ಲಿರುವ ಬೇರೆ ದೇಶಗಳ ಪಟ್ಟಿಯಿಂದ ಹೆಸರು ಎರವಲು ಪಡೆಯುವಂತೆ ಮಾಡಿದರು. ಇದು ಹೂಣರ ವಿಶೇಷ ಗುಣವೆಂದೇ ಆಟದಲ್ಲಿ ನಮೂದಾಗಿದೆ; ಜೊತೆಗೆ ಊರುಗಳನ್ನು ಇಮ್ಮಡಿ ವೇಗದಲ್ಲಿ ನೆಲಸಮ ಮಾಡುವ ಗುಣ. ತಮಾಷೆಗೆ ಮಾಡಿದ್ದೆಂದು ಕಾಣುತ್ತದೆ. ಆದರೆ ಬರೆದಿಟ್ಟ ಹೆಸರಿಲ್ಲದವರನ್ನು ಕೆಡಹುವವರ ಜೊತೆಗೇ ಕೂರಿಸುವ ಅಭ್ಯಾಸ ಬಲು ಹಳೆಯದು. ನಮ್ಮ ಅಲೆಮಾರಿ ಸಮುದಾಯಗಳಿಗೆ ಕೇಳಿ ನೋಡಿ.

ಈ ಆಟದ ಇನ್ನೊಂದು ನಡವಳಿಕೆಯನ್ನು ಮೆಚ್ಚಬೇಕು. ಗೆದ್ದ ಊರಿನ ಹೆಸರು ತಾನಾಗಿ ಬದಲಾಗುವುದಿಲ್ಲ. ಭಾರತದ ಪಕ್ಷದವನು ಫ್ರಾನ್ಸನ್ನು ಗೆದ್ದರೂ ಪ್ಯಾರಿಸ್ ಪ್ಯಾರಿಸ್ಸೇ. ಆಟ ಮುಗಿಯುವ ಹೊತ್ತಿಗೆ ಒಂದೇ ಸಾಮ್ರಾಜ್ಯದ ಭೂಪಟದಲ್ಲಿ ಪ್ಯಾರಿಸ್, ಪಾಟಲಿಪುತ್ರ, ಮಕ್ಕಾ ಒಟ್ಟಿಗಿರುತ್ತವೆ. ಹೆಸರುಗಳನ್ನು ಓದಿದರೆ ಯಾರು ಯಾರ ಮೇಲೆ ಬಿದ್ದರೆಂದು ತಿಳಿಯುತ್ತದೆ. ಬದಲಿಸಬೇಕಾದರೆ ಆ ಊರನ್ನು ತೆರೆದು, ಹಳೆಯದನ್ನು ಅಳಿಸಿ, ಹೊಸದನ್ನು ಬರೆಯುವ ಶ್ರಮ ತೆಗೆದುಕೊಳ್ಳಬೇಕು. 6ನೇ ಆವೃತ್ತಿ ಬಿಡುಗಡೆಯಾದಾಗಲಂತೂ ಹೆಸರು ಬದಲಿಸುವ ಅವಕಾಶವೇ ಇರಲಿಲ್ಲ, ಆಟಗಾರರು ಗೊಣಗಿದ ಮೇಲೆ ಅದನ್ನು ಸೇರಿಸಿದರು. ಸೋಮಾರಿತನದಿಂದ ಉಳಿದ ಹೆಸರುಗಳೂ ಉಳಿದ ಹೆಸರುಗಳೇ.

ನಮ್ಮ ಸರಕಾರಗಳಿಗೆ ಆ ಸೋಮಾರಿತನವಿಲ್ಲ. 2018ರಲ್ಲಿ ಅಲಹಾಬಾದ್ ಪ್ರಯಾಗರಾಜ್ ಆಯಿತು, 2023ರಲ್ಲಿ ಔರಂಗಾಬಾದ್ ಛತ್ರಪತಿ ಸಂಭಾಜಿನಗರವಾಯಿತು. ಕರ್ನಾಟಕದಲ್ಲಿ 2014ರ ರಾಜ್ಯೋತ್ಸವದಂದು ಬ್ಯಾಂಗಲೋರ್ ಬೆಂಗಳೂರು ಆದದ್ದನ್ನು ಇವುಗಳ ಜೊತೆ ಸೇರಿಸಿ ಬೈಯುವವರೊಂದಿಗೆ ನನಗೆ ಸಹಮತವಿಲ್ಲ. ಅಲ್ಲಿ ಜನರ ಬಾಯಲ್ಲಿದ್ದದ್ದು ಕಾಗದಕ್ಕೆ ಬಂತು. ಇಲ್ಲಿ ಜನರ ಬಾಯಲ್ಲಿದ್ದದ್ದನ್ನು ಕಾಗದದಿಂದ ತೆಗೆಯಲಾಯಿತು. ಆದರೆ ಅದೇ ದಿನ ಗುಲ್ಬರ್ಗಾ ಕಲಬುರಗಿಯಾದಾಗ ವಿಷಯ ಅಷ್ಟು ಸರಳವಿರಲಿಲ್ಲ. ಉರ್ದು ಮತ್ತು ಕನ್ನಡ ಎರಡೂ ಶಾಲೆಗಳ ಬೆಂಚು ಸವೆಸಿದ ನನ್ನಂಥವರಿಗೆ ಅವೆರಡೂ ಒಂದೇ ಊರಿನ ಎರಡು ಹೆಸರುಗಳು. ಒಂದರಲ್ಲಿ ಬಂದೇ ನವಾಝರ ದರ್ಗಾ, ಇನ್ನೊಂದರಲ್ಲಿ ಶರಣಬಸವೇಶ್ವರರ ಗುಡಿ ಎಂದು ಯಾರೂ ಹಂಚಿಕೊಂಡಿರಲಿಲ್ಲ. ಮಾತಾಡುವ ಭಾಷೆ ಬದಲಾದಂತೆ ಹೆಸರು ತಾನೇ ಬದಲಾಗುತ್ತಿತ್ತು.

ಈ ಆಟಗಳಿಗೆ ಗೊತ್ತಿಲ್ಲದಿರುವುದು ಇದೇ. ಅವುಗಳ ಬಳಿ ಒಂದು ಊರಿಗೆ ಒಂದೇ ಚೌಕವಿದೆ, ಚೌಕದಲ್ಲಿ ಒಂದೇ ಹೆಸರು ಹಿಡಿಸುತ್ತದೆ. 2012ರ ‘ಕ್ರುಸೇಡರ್ ಕಿಂಗ್ಸ್ 2’ ಎಂಬ ಆಟ ಸ್ವಲ್ಪ ಮುಂದೆ ಹೋಗಿದೆ. ಅಲ್ಲಿ ಆಳುವವನ ಸಂಸ್ಕೃತಿ ಬದಲಾದರೆ ಭೂಪಟದ ಮೇಲಿನ ಹೆಸರೂ ಬದಲಾಗಬಹುದು. ಉತ್ತರದ ವೈಕಿಂಗರು ಗೆದ್ದರೆ ಕಾನ್‌ಸ್ಟಾಂಟಿನೋಪಲ್ ಅವರ ನುಡಿಯ ಮಿಕ್ಲಗಾರ್ಡ್ ಆಗುತ್ತದೆ. ಜಾಣತನದ ಏರ್ಪಾಡು. ಆದರೂ ಅಲ್ಲಿ ಹೆಸರು ನಡೆಯುವುದು ದೊರೆಯ ಹಿಂದೆಯೇ ಹೊರತು ಪ್ರಜೆಯ ಹಿಂದೆ ಅಲ್ಲ. ಅದೇ ನಗರದ ನಿಜವಾದ ಕಥೆ ಬೇರೆ. ಉಸ್ಮಾನೀ ಸುಲ್ತಾನರು 1453ರಲ್ಲಿ ಗೆದ್ದ ಮೇಲೂ ನಾಣ್ಯಗಳ ಮೇಲೆ ಕುಸ್ತಂತೀನಿಯ್ಯಾ ಎಂದೇ ಅಚ್ಚು ಹಾಕಿಸುತ್ತಿದ್ದರು; ಜನ ಇಸ್ತಾಂಬುಲ್ ಎನ್ನುತ್ತಿದ್ದರು. ಎರಡೂ ಶತಮಾನಗಟ್ಟಲೆ ಜೊತೆಗಿದ್ದವು. ಒಂದೇ ಹೆಸರು ಸಾಕೆಂದು ತುರ್ಕಿ ಗಣರಾಜ್ಯ ಹಟ ಹಿಡಿದದ್ದು 1930ರಲ್ಲಿ.

ಸಾದತ್ ಹಸನ್ ಮಂಟೋನ ‘ಟೋಬಾ ಟೇಕ್ ಸಿಂಗ್’ ಕಥೆಯ ಹುಚ್ಚ ಕೇಳುವುದೂ ಇಷ್ಟೇ, ನನ್ನ ಊರು ಎಲ್ಲಿದೆ ಎಂದು. ಕೊನೆಗೆ ಊರಿನ ಹೆಸರು ಅವನ ಹೆಸರೇ ಆಗುತ್ತದೆ. ದೇಶ ಒಡೆದು ಸಿಖ್ಖರೆಲ್ಲ ಹೊರಟುಹೋದ ಮೇಲೂ ಪಾಕಿಸ್ತಾನದಲ್ಲಿ ಆ ಸಿಖ್ ಹೆಸರಿನ ಊರು ಹಾಗೆಯೇ ಇದೆ, ಜಿಲ್ಲಾ ಕೇಂದ್ರವೂ ಆಗಿದೆ. ಪಕ್ಕದ ಲಾಯಲ್‌ಪುರ ಮಾತ್ರ 1970ರ ದಶಕದಲ್ಲಿ ಸೌದಿ ದೊರೆಯ ಹೆಸರಿನಲ್ಲಿ ಫೈಸಲಾಬಾದ್ ಆಯಿತು.

ನಮ್ಮ ಟಿಪ್ಪೂ ಸುಲ್ತಾನನಿಗೂ ಈ ಚೌಕ ತೆರೆಯುವ ಚಟವಿತ್ತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಮಂಗಳೂರನ್ನು ಜಲಾಲಾಬಾದ್ ಎಂದ. 1799ರ ನಂತರ ಅದನ್ನು ಯಾರೂ ನೆನೆಯಲಿಲ್ಲ, ಮಂಗಳೂರಿನ ಮುಸ್ಲಿಮರೂ ನೆನೆಯಲಿಲ್ಲ. ಆದರೆ ಮೈಸೂರಿನ ನಜರಬಾದ್ ಉಳಿಯಿತು, ಸಕಲೇಶಪುರದ ಬಳಿಯ ಮಂಜರಾಬಾದ್ ಕೋಟೆ ಉಳಿಯಿತು. ಬೆಳ್ತಂಗಡಿಯ ಹತ್ತಿರ ಅವನು ಕೋಟೆ ಕಟ್ಟಿಸಿ ಜಮಾಲಾಬಾದ್ ಎಂದು ಹೆಸರಿಟ್ಟ ಬಂಡೆಗುಡ್ಡವಿದೆ. ಕೆಲವರು ಈಗಲೂ ಹಾಗೆಯೇ ಕರೆಯುತ್ತಾರೆ. ಕೆಲವರಿಗೆ ಅದು ಹಳೆಯ ನರಸಿಂಹಗಡ. ಬುಡದಲ್ಲಿ ಬಸ್ಸಿಗೆ ಕಾಯುವವರನ್ನು ಕೇಳಿದರೆ ಗಡಾಯಿಕಲ್ಲು ಎನ್ನುತ್ತಾರೆ, ಮಳೆಗಾಲದಲ್ಲಿ ಹತ್ತಬೇಡಿ, ಕಲ್ಲು ಜಾರುತ್ತದೆ ಎಂದೂ ಸೇರಿಸುತ್ತಾರೆ.